ಪತ್ರಿಕೆ ಆರಂಭಿಸುವವರೇ, ಪುಟ ಕಟ್ಟಲು ಕೊಡುವ ಮುನ್ನ ನನ್ನ ಕಥೆ ಓದಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಮೊಬೈಲಿನಲ್ಲಿ ಪುಟ ನೋಡಿ "ಓಕೆ" ಎಂದು ಕಳುಹಿಸಿದವನು ನಾನೇ. ಆ ಎರಡಕ್ಷರವನ್ನು ನನ್ನ ಪತ್ರಿಕೆಯ ಪುಟ ವಿನ್ಯಾಸ ಮಾಡಿದಾತ ಇವತ್ತಿಗೂ ನನ್ನ ಮುಖಕ್ಕೆ ಹಿಡಿಯುತ್ತಿದ್ದಾನೆ. ಆದರೂ ಬರೆಯುತ್ತೇನೆ. ಬರೆಯದಿದ್ದರೆ ಇನ್ನೊಬ್ಬರು ಬಲಿಯಾಗುತ್ತಾರೆ. ಆಗಲೇ ಒಬ್ಬರು ಆಗುವುದರಲ್ಲಿದ್ದರು, ಅದನ್ನು ಕೊನೆಗೆ ಹೇಳುತ್ತೇನೆ.

ನಾನು ತಿಪಟೂರು ಸೀಮೆಯವನು. ಇಪ್ಪತ್ತೆರಡು ವರ್ಷ ಜಿಲ್ಲಾ ಮಟ್ಟದ ಪತ್ರಿಕೆಯೊಂದಕ್ಕೆ ನಮ್ಮ ತಾಲ್ಲೂಕಿನಿಂದ ಸುದ್ದಿ ಕಳುಹಿಸಿದ್ದೇನೆ. ಸುದ್ದಿ ಬರೆಯುವುದು ಗೊತ್ತು, ಪುಟ ಕಟ್ಟುವುದು ಗೊತ್ತಿಲ್ಲ. ಎಂಟು ಪುಟದ ಟ್ಯಾಬ್ಲಾಯ್ಡ್ ವಾರಪತ್ರಿಕೆ, ಒಂದನೆಯ ಮತ್ತು ಎಂಟನೆಯ ಪುಟ ಬಣ್ಣ, ಉಳಿದದ್ದು ಕಪ್ಪು ಬಿಳುಪು, ಎರಡು ಸಾವಿರ ಪ್ರತಿ. ಇಷ್ಟೇ ನನ್ನ ಆಸೆ. ಶೀರ್ಷಿಕೆಯ ಅರ್ಜಿ, ಪರಿಶೀಲನೆ, ಆ ಕಚೇರಿ ಈ ಕಚೇರಿ ಎಂದು ಎಲ್ಲ ಅಲೆದಾಟ ನಾನೇ ಮುಗಿಸಿದ್ದೆ. ಬಿಡುಗಡೆ ಜುಲೈ 1ಕ್ಕೆ ಎಂದು ನಿಗದಿಯಾಯಿತು. 1843ರ ಅದೇ ದಿನ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಬಂದದ್ದು, ಅದಕ್ಕೇ ನಮ್ಮಲ್ಲಿ ಅದು ಪತ್ರಿಕಾ ದಿನ. ಭಾಷಣಕ್ಕೂ ಅದನ್ನೇ ಸಿದ್ಧ ಮಾಡಿಕೊಂಡಿದ್ದೆ. ಅಷ್ಟು ಉತ್ಸಾಹ.

ಪುಟ ವಿನ್ಯಾಸಕ್ಕೆ ಪರಿಚಯದವರೊಬ್ಬರು ಆತನ ಸಂಖ್ಯೆ ಕೊಟ್ಟರು. ಬೆಂಗಳೂರಿನಲ್ಲಿ ಕಚೇರಿ, ಹೆಸರು ಬೇಡ. "ಸರ್, ನಾನು ದೊಡ್ಡ ಪತ್ರಿಕೆಗಳಲ್ಲಿ ಕೆಲಸ ಮಾಡಿದವನು. ನಿಮ್ಮದು ಹಳ್ಳಿ ಪೇಪರಿನ ಹಾಗೆ ಕಾಣಬಾರದು, ರಾಜ್ಯ ಮಟ್ಟದ ಪೇಪರಿನ ಹಾಗೆ ಕಾಣಬೇಕು" ಎಂದ. ಆ ಮಾತಿಗೇ ನಾನು ಬಿದ್ದದ್ದು. ಒಟ್ಟು 45 ಸಾವಿರ, ಮುಂಗಡ 30 ಸಾವಿರ. ಮೊದಲ ಸಂಚಿಕೆ ಪೂರ್ತಿ ಆತನೇ ಕಟ್ಟಿಕೊಡಬೇಕು, ಆಮೇಲೆ ಅದೇ ಅಚ್ಚಿನಲ್ಲಿ ನಮ್ಮ ಹುಡುಗ ಮುಂದುವರಿಸಬೇಕು ಎಂಬ ಮಾತು. ತೋರಿಸಿದ ಮಾದರಿಗಳು ಚೆನ್ನಾಗಿದ್ದವು, ಇಲ್ಲವೆನ್ನುವುದಿಲ್ಲ. ಮಿರಮಿರ ಮಿಂಚುತ್ತಿದ್ದವು. ಮೊಬೈಲಿನ ಪರದೆಯ ಮೇಲೆ ಏನು ತಾನೇ ಮಿಂಚುವುದಿಲ್ಲ?

ಬಿಡುಗಡೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಮುದ್ರಣಾಲಯದಿಂದ ಕಟ್ಟು ಬಂತು. ಹನ್ನೊಂದಕ್ಕೆ ಸಭೆ. ನಾನು ಮೇಲಿನ ಪ್ರತಿ ತೆಗೆದು ಮೂಸಿ ನೋಡಿದೆ. ಹೊಸ ಪತ್ರಿಕೆಯ ಶಾಯಿ ವಾಸನೆಗೆ ನನ್ನ ಕಣ್ಣು ತುಂಬಿತ್ತು, ಹಾಗಾಗಿ ಮುಖಪುಟವನ್ನು ಸರಿಯಾಗಿ ನೋಡಲೇ ಇಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಸಭೆಯಲ್ಲಿ ಅತಿಥಿಗಳು ರಿಬ್ಬನ್ ಬಿಚ್ಚಿ ಪತ್ರಿಕೆ ಎತ್ತಿ ಹಿಡಿದರು, ಚಪ್ಪಾಳೆ ಬಿತ್ತು. ಪ್ರತಿಗಳನ್ನು ಹಂಚಿದೆವು. ಮೊದಲ ಸಾಲಿನಲ್ಲಿ ನಮ್ಮ ಊರಿನ ಹಿರಿಯ ಕೊಬ್ಬರಿ ವರ್ತಕರೊಬ್ಬರು ಕುಳಿತಿದ್ದರು. ಎಂಟನೆಯ ಪುಟಕ್ಕೆ ಪೂರ್ತಿ ಜಾಹೀರಾತು ಕೊಟ್ಟವರು. ಕನ್ನಡಕ ಏರಿಸಿಕೊಂಡು ನೇರವಾಗಿ ಧಾರಣೆಯ ಬಾಕ್ಸಿಗೆ ಹೋದರು. ನಮ್ಮ ಕಡೆ ಯಾರೇ ಆಗಲಿ ಪತ್ರಿಕೆ ತೆರೆದರೆ ಮೊದಲು ನೋಡುವುದು ಕೊಬ್ಬರಿ ದರ, ಆಮೇಲೆ ಸಾವಿನ ಸುದ್ದಿ, ಆಮೇಲೆ ರಾಜಕೀಯ. ಸ್ವಲ್ಪ ಹೊತ್ತು ನೋಡಿದರು. ಪಕ್ಕದವರಿಗೆ ತೋರಿಸಿದರು. ಆಮೇಲೆ ನನ್ನನ್ನು ಕೈಸನ್ನೆಯಿಂದ ಕರೆದು, ಮೆಲ್ಲಗೆ ಕೇಳಿದರು: "ಏನಪ್ಪಾ, ನಮ್ಮ ಮಾರುಕಟ್ಟೆಗೆ ಗೊರಬಲು ಯಾವಾಗ ಬಂತು?"

ನನಗೆ ಅರ್ಥವಾಗಲಿಲ್ಲ. ಬಾಕ್ಸ್ ನೋಡಿದೆ. ತಲೆಯಲ್ಲಿ 'ಕೊಬ್ಬರಿ ಧಾರಣೆ' ಎಂದಿದೆ. ಕೆಳಗೆ ಸಾಲಾಗಿ ರಾಶಿ, ಬೆಟ್ಟೆ, ಗೊರಬಲು, ಸರಕು. ಅಡಿಕೆಯ ವರ್ಗಗಳು! ಶಿವಮೊಗ್ಗದ ಮಾರುಕಟ್ಟೆಯವು! ನಾನು ಕಳುಹಿಸಿದ್ದ ಕೊಬ್ಬರಿಯ ದರವನ್ನು ರಾಶಿಯ ಮುಂದೆ ತುಂಬಿದ್ದಾನೆ, ಉಳಿದ ಮೂರರ ಮುಂದೆ ಯಾವುದೋ ಹಳೆಯ ಅಂಕಿಗಳು ಹಾಗೇ ಕುಳಿತಿವೆ.

ಆ ಕ್ಷಣ. ಅದನ್ನು ಎಷ್ಟು ಸಲ ನೆನೆದರೂ ಮೈ ಬಿಸಿಯಾಗುತ್ತದೆ. ನನ್ನ ಪತ್ರಿಕೆ ನನ್ನದಲ್ಲ. ಮಲೆನಾಡಿನ ಯಾರದೋ ಪತ್ರಿಕೆಗೆ ಕಟ್ಟಿದ ಪುಟ ಅದು, ಹೆಸರು ಕಿತ್ತು ನನ್ನ ಹೆಸರು ಅಂಟಿಸಿದ್ದಾನೆ. 45 ಸಾವಿರಕ್ಕೆ ನಾನು ಕೊಂಡದ್ದು ಇನ್ನೊಬ್ಬರ ಹಳೆಯ ಅಂಗಿ. ಅವರ ಹೆಸರಿನ ಗುರುತನ್ನೂ ಬಿಚ್ಚಿಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳಲು ಶುರುವಾಯಿತು. ಪತ್ರಿಕೆಯ ಹೆಸರಿನ ಎಡಬಲದಲ್ಲಿ ಕಿವಿಯ ಹಾಗೆ ಎರಡು ಚೌಕ ಇರುತ್ತವಲ್ಲ, ಅವು ಜಾಹೀರಾತಿನ ಅತ್ಯಂತ ಬೆಲೆಯ ಜಾಗ. ಎಡಗಿವಿಯನ್ನು ಬಟ್ಟೆ ಅಂಗಡಿಯವರಿಗೆ ಎರಡು ಸಾವಿರಕ್ಕೆ ಕೊಟ್ಟಿದ್ದೆ. ಅಲ್ಲಿ ಸೂರ್ಯನ ಚಿತ್ರ, 'ಬೆಂಗಳೂರು 24 ಡಿಗ್ರಿ'. ತಿಪಟೂರಿನವನಿಗೆ ಬೆಂಗಳೂರಿನ ಹವಾಮಾನ, ಅದೂ ಯಾವ ದಿನದ್ದೋ!

ಒಳಪುಟ ತೆರೆದರೆ ಇನ್ನೂ ಘೋರ. ಎರಡನೆಯ ಮತ್ತು ಮೂರನೆಯ ಪುಟ ಸೇರಿಸಿ ನಮ್ಮ ಜಾತ್ರೆಯ ರಥದ ಒಂದೇ ದೊಡ್ಡ ಚಿತ್ರ ಹಾಕಿದ್ದಾನೆ. ಪರದೆಯ ಮೇಲೆ ಅಕ್ಕಪಕ್ಕ ಕಂಡಿದೆ, ಹಾಕಿದ್ದಾನೆ. ಎಂಟು ಪುಟದ ಟ್ಯಾಬ್ಲಾಯ್ಡಿನಲ್ಲಿ ಎರಡನೆಯ ಪುಟ ಹೊರಗಿನ ಹಾಳೆಯಲ್ಲಿ ಏಳನೆಯ ಪುಟದ ಜೊತೆ ಮುದ್ರಣವಾಗುತ್ತದೆ, ಮೂರನೆಯದು ಒಳಗಿನ ಹಾಳೆಯಲ್ಲಿ ಆರರ ಜೊತೆ. ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬಂದು ಎದುರುಬದುರು ತೆರೆದುಕೊಳ್ಳುವುದು ನಟ್ಟನಡುವಿನ ನಾಲ್ಕು ಮತ್ತು ಐದು ಮಾತ್ರ. ಇದು ನನಗೆ ಆಮೇಲೆ ಮುದ್ರಣಾಲಯದ ಹಿರಿಯ ಕೆಲಸಗಾರರು ಒಂದು ಹಾಳೆ ಮಡಚಿ, ಪೆನ್ಸಿಲಿನಲ್ಲಿ ಸಂಖ್ಯೆ ಬರೆದು ತೋರಿಸಿದ್ದು: "ನೋಡಿ ಸ್ವಾಮಿ, ಜೊತೆಯ ಎರಡು ಪುಟ ಕೂಡಿಸಿದರೆ ಒಂಬತ್ತು ಬರಬೇಕು. ಎರಡು ಮೂರು ಐದಾಯಿತು, ಇದು ಜೊತೆಯಲ್ಲ." ಎರಡೇ ನಿಮಿಷದ ಪಾಠ. ದೊಡ್ಡ ಪತ್ರಿಕೆಗಳಲ್ಲಿ ಕೆಲಸ ಮಾಡಿದ ಮಹಾಶಯನಿಗೆ ಇದು ಗೊತ್ತಿರಲಿಲ್ಲ. ಫಲ ಏನೆಂದರೆ ರಥ ಸೀಳಿ ಎರಡಾಯಿತು. ಎಡಭಾಗ ಒಂದು ಬೆರಳು ಮೇಲೆ, ಬಲಭಾಗ ಒಂದು ಬೆರಳು ಕೆಳಗೆ. ಅರ್ಚಕರು ಅದನ್ನು ನೋಡಿ ಏನೂ ಹೇಳಲಿಲ್ಲ, ಪತ್ರಿಕೆ ಮಡಚಿ ಕುರ್ಚಿಯ ಮೇಲಿಟ್ಟು ಎದ್ದು ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಅಕ್ಷರದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಅತಿ ಹೆಚ್ಚು ಸಿಟ್ಟು. ಆತನ ಅಚ್ಚೆಲ್ಲ ಇಂಗ್ಲಿಷ್ ಪತ್ರಿಕೆಯ ಅಳತೆಯದು. ಇಂಗ್ಲಿಷಿಗೆ ಅಕ್ಷರದ ಅಡಿಯಲ್ಲಿ ಒತ್ತು ಇಲ್ಲ, ನಮಗೆ ಇದೆ. ಸಾಲುಗಳ ನಡುವಿನ ಅಂತರ ಹಿಗ್ಗಿಸದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಬಡಿದಿದೆ, ಎಂಟು ಪುಟದಲ್ಲೂ ಬಡಿದಿದೆ. ಕಾಲಂಗಳನ್ನು ಕಿರಿದು ಮಾಡಿ ಎರಡೂ ಅಂಚು ಸಮ ಮಾಡಿದ್ದಾನೆ. 'ಜಿಲ್ಲಾಧಿಕಾರಿಗಳೊಂದಿಗೆ' ಎಂಬಂಥ ಉದ್ದ ಪದ ಬಂದ ಕಡೆ ಸಾಲಿಗೆ ಎರಡೇ ಪದ, ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ.

ಮುಖಪುಟದ ಪ್ರಧಾನ ಸುದ್ದಿ 'ಕೊಬ್ಬರಿ' ಎಂಬ ಪದದಿಂದ ಆರಂಭ. ಮೊದಲ ಅಕ್ಷರವನ್ನು ಮೂರು ಸಾಲಿನಷ್ಟು ದೊಡ್ಡದು ಮಾಡುವ ಸಂಪ್ರದಾಯ ಇದೆಯಲ್ಲ, ಅದನ್ನು ಮಾಡಲು ಹೋಗಿದ್ದಾನೆ. ಕನ್ನಡ ಬೆರಳಚ್ಚಿನ ತಂತ್ರಾಂಶವಾದ 'ನುಡಿ'ಯ ಹಳೆಯ ಫಾಂಟಿನಲ್ಲಿ 'ಕೊ' ಒಂದೇ ಅಕ್ಷರವಲ್ಲ. ಕಕಾರದ ಒಡಲು ಬೇರೆ, ಎತ್ವ ಬೇರೆ, ಕೊಂಬು ಬೇರೆ, ತುಂಡು ತುಂಡಾಗಿ ಇರುತ್ತದೆ. ಯಂತ್ರ ಮೊದಲ ತುಂಡನ್ನು ಮಾತ್ರ ದೊಡ್ಡದು ಮಾಡಿತು. ತಲೆಕಟ್ಟೇ ಇಲ್ಲದ ಒಂದು ಬೃಹತ್ ಮುಂಡ, ಪಕ್ಕದಲ್ಲಿ ಇರುವೆಯಷ್ಟು ಎತ್ವ ಮತ್ತು ಕೊಂಬು. ನನ್ನ ಪತ್ರಿಕೆಯ ಮೊಟ್ಟಮೊದಲ ಅಕ್ಷರ ಅದು! ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಮುದ್ರಿಸಿದ ಪತ್ರಿಕೆಯ ಬಗ್ಗೆ ಭಾಷಣ ಮಾಡಲು ನಿಂತವನು ನಾನು, ಬಾಯಿಂದ ಮಾತು ಹೊರಡಲಿಲ್ಲ.

ಇನ್ನು ಇಂಗ್ಲಿಷಿನಲ್ಲಿ ಬರೆದಿದ್ದ ಸಂಕ್ಷಿಪ್ತ ಪದಗಳು. ನಾನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಕಳುಹಿಸಿದ್ದೆ, ಆತ ನುಡಿಗೆ ಪರಿವರ್ತಿಸಿ ಒಂದು ಸಲವೂ ಓದದೆ ಪುಟಕ್ಕೆ ಸುರಿದಿದ್ದಾನೆ. ನುಡಿಯ ಆ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಗಳು ಕುಳಿತಿರುತ್ತವೆ. ಎಂ.ಎಲ್.ಎ. ಇದ್ದಲ್ಲೆಲ್ಲ 'ಒಐಂ', ಡಿ.ಸಿ. ಇದ್ದಲ್ಲೆಲ್ಲ 'ಆಅ'. 'ಆಅ ಅವರು ಕೆರೆಗೆ ಬಾಗಿನ ಅರ್ಪಿಸಿದರು' ಎಂದು ನಾಲ್ಕನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಬಂದಿದೆ. ಊರಿನ ಹುಡುಗರು ಈಗ ನನ್ನನ್ನು ಕಂಡರೆ 'ಒಐಂ ಬಂದರು' ಎಂದು ನಗುತ್ತಾರೆ.

ಸಂಜೆ ನಿವೃತ್ತ ಮೇಷ್ಟ್ರೊಬ್ಬರು ಮನೆಗೆ ಬಂದು, ಕೊನೆಯ ಪುಟದ ಅಡಿ ತೋರಿಸಿ, "ಮುದ್ರಕರು, ಪ್ರಕಾಶಕರು ಯಾರು ಎಂಬ ಸಾಲು ಎಲ್ಲಿ?" ಎಂದರು. ಇರಲಿಲ್ಲ. ಸಂಪಾದಕನ ಹೆಸರೂ ಇಲ್ಲ. 1867ರ ಕಾಯ್ದೆಯ ಕಾಲದಿಂದ ಕಡ್ಡಾಯವಾದ ಸಾಲು ಅದು. 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಬಂದ ಮೇಲೂ ಅದನ್ನು ಬಿಟ್ಟು ಪತ್ರಿಕೆ ತರುವಂತಿಲ್ಲ. ನಾನು ಪ್ರತ್ಯೇಕವಾಗಿ ಬರೆದು ಕಳುಹಿಸಿದ್ದೆ. ರಾತ್ರಿಯಿಡೀ ರಬ್ಬರ್ ಸ್ಟ್ಯಾಂಪ್ ಹಿಡಿದು, ನಾನೂ ನನ್ನ ಹೆಂಡತಿಯೂ, ಉಳಿದಿದ್ದ ಸಾವಿರದ ಆರುನೂರು ಪ್ರತಿಗಳಿಗೆ ಒತ್ತಿದೆವು. ಅವಳು ಒಂದು ಮಾತೂ ಆಡಲಿಲ್ಲ.

ಈಗ ಆತನ ಉತ್ತರಗಳನ್ನು ಕೇಳಿ.

ಅಡಿಕೆ ಬಾಕ್ಸಿನ ಬಗ್ಗೆ ಕೇಳಿದೆ. "ಸರ್, ಅದು ನಮೂನೆ ಅಷ್ಟೇ, ನೀವು ತಿದ್ದಬೇಕಿತ್ತು." ರಥದ ಬಗ್ಗೆ ಕೇಳಿದೆ. "ಅದು ಮುದ್ರಣಾಲಯದವರ ತಪ್ಪು ಸರ್, ಅವರಿಗೆ ಜೋಡಿಸಲು ಬರುವುದಿಲ್ಲ." ಸಾಲುಗಳು ಒಂದಕ್ಕೊಂದು ತಾಗಿದ್ದಕ್ಕೆ: "ಈಗ ಎಲ್ಲ ಕಡೆ ಇದೇ ಮಾಡರ್ನ್ ಶೈಲಿ." ತಲೆಯಿಲ್ಲದ ಕಕಾರಕ್ಕೆ: "ಕ್ರಿಯೇಟಿವ್ ಆಗಿದೆ ಎಂದು ಎಲ್ಲರೂ ಹೇಳಿದರು." ಎಲ್ಲರೂ ಎಂದರೆ ಯಾರು ಎಂದು ಕೇಳಿದ್ದಕ್ಕೆ ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ನನ್ನ "ಓಕೆ" ಇದ್ದ ಸಂದೇಶದ ಚಿತ್ರ ಕಳುಹಿಸಿದ, ಅದರ ಸುತ್ತ ಕೆಂಪು ವೃತ್ತ. ಆಮೇಲೆ ಇನ್ನೊಂದು ಸಂದೇಶ: "ಬಾಕಿ 15 ಸಾವಿರ ಕೊಟ್ಟರೆ ಮಾತ್ರ ಮೂಲ ಕಡತ ಕೊಡುತ್ತೇನೆ. ನುಡಿ ಫಾಂಟಿನ ಕೆಲಸಕ್ಕೆ 8 ಸಾವಿರ ಬೇರೆ."

ಬೇರೆ! ಕನ್ನಡ ಪತ್ರಿಕೆಗೆ ಕನ್ನಡ ಅಕ್ಷರ ಹಾಕಿದ್ದಕ್ಕೆ ಬೇರೆ ಹಣ!

ನಾನು ನೋಡಿದ್ದು ಮುಖಪುಟ ಮಾತ್ರ, ಅದೂ ಬೆರಳಿನಿಂದ ಹಿಗ್ಗಿಸಿ ಪತ್ರಿಕೆಯ ಹೆಸರನ್ನು ಮಾತ್ರ. ಹೌದು. ಅದಕ್ಕೇ ಹೇಳುತ್ತಿದ್ದೇನೆ, ಮೊಬೈಲಿನಲ್ಲಿ ಒಪ್ಪಿಗೆ ಕೊಡಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಯ ಮೇಲೆ ಎಂಟೂ ಪುಟ ತೆಗೆಸಿ, ಮಡಚಿ, ಊರಿನ ಒಬ್ಬ ವರ್ತಕರಿಗೂ ಒಬ್ಬ ಮೇಷ್ಟ್ರಿಗೂ ಕೊಟ್ಟು ಓದಿಸಿ. ಖರ್ಚು ನೂರೋ ಇನ್ನೂರೋ. ಮುಂಗಡ ಕೊಡುವ ಮೊದಲು ಆತ ಕಟ್ಟಿದ, ಮುದ್ರಣವಾದ ಕಾಗದದ ಪತ್ರಿಕೆ ಕೇಳಿ, ಪರದೆಯದ್ದಲ್ಲ. ಅದಕ್ಕಿಂತ ಮೊದಲು ಮುದ್ರಣಾಲಯಕ್ಕೆ ಹೋಗಿ. ಅಲ್ಲಿ ಪ್ಲೇಟು ಹಾಕುವವರಿಗೆ ಗೊತ್ತಿರುವುದರ ಕಾಲುಭಾಗವೂ ಈ ಬೆಂಗಳೂರಿನವನಿಗೆ ಗೊತ್ತಿರಲಿಲ್ಲ. ನಾನು ಅವರ ಹತ್ತಿರ ಹೋದದ್ದು ಎಲ್ಲ ಮುಗಿದ ಮೇಲೆ. ಈಗ ಅವರೇ ಹೇಳಿದ ಒಬ್ಬ ಹುಡುಗಿ ಸಂಚಿಕೆಗೆ ಎರಡೂವರೆ ಸಾವಿರಕ್ಕೆ ಪುಟ ಕಟ್ಟಿಕೊಡುತ್ತಾಳೆ. ಐದು ಕಾಲಂ, ನೇರ ಗೆರೆ, ಸಾದಾ ತಲೆಬರಹ. ಓದಲು ಬರುತ್ತದೆ. ಎರಡನೆಯ ಸಂಚಿಕೆಗೆ ಜಾಹೀರಾತು ಮೂರೇ ಬಂದಿತ್ತು, ಅದು ಬೇರೆ ಮಾತು.

ಮೊನ್ನೆ ಭಾನುವಾರ ರಾಮನಗರದ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಅವರೂ ವಾರಪತ್ರಿಕೆ ಆರಂಭಿಸುತ್ತಾರಂತೆ, ಅದೇ ಆಸಾಮಿಗೆ ಮುಂಗಡ ಕೊಡುವುದರಲ್ಲಿದ್ದಾರೆ. ಆತ ಕಳುಹಿಸಿದ ಮಾದರಿಯ ಮೂಲೆಯಲ್ಲಿ ನಮ್ಮ ಊರಿನ ಹೆಸರು ಸಣ್ಣಗೆ ಕಂಡಿತಂತೆ, ವಿಚಾರಿಸಿ ನನ್ನ ಸಂಖ್ಯೆ ಹಿಡಿದಿದ್ದಾರೆ. "ಪುಟ ಚೆನ್ನಾಗಿದೆ ಸರ್, ಆದರೆ ಒಂದು ಅನುಮಾನ. ನಮ್ಮದು ರೇಷ್ಮೆ ಗೂಡಿನ ಊರು. ಇದರಲ್ಲಿ ಕೊಬ್ಬರಿ ಧಾರಣೆ ಅಂತ ಒಂದು ಬಾಕ್ಸ್ ಇದೆಯಲ್ಲ?"