ವಿದ್ಯಾನಗರದ ರೀಡಿಂಗ್ ರೂಮ್: ಜಾಗಕ್ಕೆ 4 ಸ್ಟಾರ್, ಬೋರ್ಡಿಗೆ 1

ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು ಫೀಸು ಕೊಟ್ಟು ಕೂರುವ ರೂಮಿದು, ದಾವಣಗೆರೆ ವಿದ್ಯಾನಗರದ ಅಡ್ಡರಸ್ತೆಯೊಂದರಲ್ಲಿ ಮೊದಲ ಮಹಡಿ. 60 ಸೀಟು, ತಿಂಗಳಿಗೆ 900 ರೂಪಾಯಿ, ಅಡ್ವಾನ್ಸ್ 500. ಬೆಳಿಗ್ಗೆ 6ಕ್ಕೆ ತೆಗೆದರೆ ರಾತ್ರಿ 11ಕ್ಕೇ ಬೀಗ. ಸೀಟಿಗೊಂದು ಲೈಟು, ಒಂದು ಪ್ಲಗ್, ನಡುವೆ ಪ್ಲೈವುಡ್ ಮರೆ. ಕರೆಂಟ್ ಹೋದರೆ ಯುಪಿಎಸ್‌ನಲ್ಲಿ ಲೈಟು, ಫ್ಯಾನು ನಡೆಯುತ್ತವೆ. ಮೆಟ್ಟಿಲ ಪಕ್ಕದ ಸಾಲು ಮಾತ್ರ ಬೇಡ. ಚಪ್ಪಲಿ ಸದ್ದು ಸಾಲದೆಂಬಂತೆ ಸಂಜೆ ಐದಾದರೆ ಕೆಳಗಿನ ಗಾಡಿಯಿಂದ ಮಿರ್ಚಿ ಕರಿಯುವ ಘಾಟು ಏರುತ್ತದೆ. ಅದರ ಮುಂದೆ ಸಂವಿಧಾನದ ಯಾವ ವಿಧಿಯೂ ತಲೆಯಲ್ಲಿ ನಿಲ್ಲುವುದಿಲ್ಲ.

ಜಾಗದ ಮಟ್ಟಿಗೆ ದೂರಿಲ್ಲ. ಓದುವವರನ್ನು ಹುರಿದುಂಬಿಸಲು ಮಾಲೀಕರು ಮಾಡಿರುವ ಏರ್ಪಾಡುಗಳದ್ದೇ ತಕರಾರು.

ತಿಂಗಳಲ್ಲಿ 26 ದಿನ ಹಾಜರಿಗೆ ಹೆಬ್ಬೆಟ್ಟು ಒತ್ತಿದರೆ ಮುಂದಿನ ಫೀಸಿನಲ್ಲಿ 200 ರೂಪಾಯಿ ಬಿಡುತ್ತಾರೆ. ಮೊದಲ ವಾರ ರೂಮು ಭರ್ತಿ. ಆಮೇಲೆ ಹೆಬ್ಬೆಟ್ಟು ಒತ್ತಿ, ಕುರ್ಚಿಗೆ ಬ್ಯಾಗ್ ನೇತುಹಾಕಿ ಚಹಾಕ್ಕೆ ಹೋಗುವವರೇ ಜಾಸ್ತಿ. 1971ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಡೆಸಿ ಕಾಲೇಜು ಹುಡುಗರಿಗೆ ತುಂಡು ಜೋಡಿಸುವ ಒಗಟು ಕೊಟ್ಟು, ಬಿಡಿಸಿದ್ದಕ್ಕೆ ಕಾಸು ಕೊಟ್ಟ. ಕಾಸು ನಿಂತ ಮೇಲೆ ಬಿಡುವಿನಲ್ಲಿ ಅವರು ಅದನ್ನು ಮುಟ್ಟುವುದೇ ಕಡಿಮೆಯಾಯಿತು. ಅಲ್ಲಿ ಒಗಟು ಬಿಡಿಸಿದ್ದಕ್ಕಾದರೂ ಕಾಸಿತ್ತು, ಇಲ್ಲಿ ಬರೀ ಹಾಜರಿಗೆ.

ಬಾಗಿಲ ಎದುರಿನ ಬೋರ್ಡು ಇನ್ನೂ ಕೆಟ್ಟದ್ದು. ಅತಿ ಹೆಚ್ಚು ಗಂಟೆ ಕೂತ ಹತ್ತು ಹೆಸರು ಅದರಲ್ಲಿರುತ್ತವೆ. ಕೆಎಎಸ್ (ರಾಜ್ಯ ಆಡಳಿತ ಸೇವೆ) ಪ್ರಿಲಿಮ್ಸ್ ಅಂದರೆ ತಲಾ 200 ಅಂಕದ ಎರಡು ಪತ್ರಿಕೆ, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಅಲ್ಲಿ ಗಂಟೆ ಕೇಳುವವರಿಲ್ಲ. ಬೋರ್ಡಿನ ಹೆಸರು ಉಳಿಸಿಕೊಳ್ಳಬೇಕಾದವರು ಹಳದಿ ಗೆರೆ ಎಳೆದ ಪುಟವನ್ನೇ ಮೂರನೇ ಸಲ ಓದುತ್ತಾರೆ. ಮಾಕ್ ಟೆಸ್ಟ್ ಬರೆದರೆ ಹುಳುಕು ಹೊರಬೀಳುತ್ತದಲ್ಲ!

ಒಳ್ಳೆಯದೆಂದರೆ ಸೇರುವಾಗ ತುಂಬಿಸುವ ಫಾರಂ. ‘ಈ ಕೆಲಸ ಯಾಕೆ ಬೇಕು?’ ಎಂದು ನಾಲ್ಕು ಗೆರೆ ಜಾಗ. ‘ಅಪ್ಪ ಹೇಳಿದ್ರು’ ಎನ್ನುವುದು ಹೊರಗಿನ ಒತ್ತಡ. ಪರೀಕ್ಷೆಗೆ ಇಪ್ಪತ್ತು ದಿನವಿದ್ದಾಗ ಚೆನ್ನಾಗಿ ಓಡಿಸುತ್ತದೆ, ನೇಮಕಾತಿ ಅಧಿಸೂಚನೆಯೇ ಬರದ ವರ್ಷ ಕೈಕೊಡುತ್ತದೆ. ‘ಓರಗೆಯವರೆಲ್ಲ ಸೆಟ್ಲ್ ಆದ್ರು’ ಎನ್ನುವುದು ಒಳಗೆ ಕೂತ ನಾಚಿಕೆ. ಅಂಥವರು ಹೆಚ್ಚು ಹೊತ್ತು ಕೂರುತ್ತಾರೆ, ಒಂದು ಪರೀಕ್ಷೆ ಕೈತಪ್ಪಿದರೆ ಕುಸಿಯುತ್ತಾರೆ. ‘ಪಹಣಿ ತಿದ್ದಿಸೋಕೆ ಊರಿನವರು ಅಲೆಯೋದು ನೋಡಿದೀನಿ, ತಹಶೀಲ್ದಾರ್ ಆಗ್ಬೇಕು’ ಎಂದು ಬರೆದವರಿಗೆ ಬೇಸರದ ವಿಷಯವನ್ನೂ ಓದಲು ಕಾರಣವಿದೆ. ‘ಇತಿಹಾಸ ಅಂದ್ರೆ ಇಷ್ಟ’ ಎನ್ನುವವರ ಪ್ರೀತಿ ಅಪ್ಪಟ. ಆದರೆ ಚಿತ್ರದುರ್ಗದ ಪಾಳೆಯಗಾರರಲ್ಲೇ ಮೂರು ತಿಂಗಳು ಕಳೆದು ಮೆಂಟಲ್ ಎಬಿಲಿಟಿ (ತರ್ಕ, ಲೆಕ್ಕದ ಪ್ರಶ್ನೆ) ಮುಟ್ಟದವರೂ ಇವರೇ. ಇಷ್ಟು ಹೇಳಬಲ್ಲ ಫಾರಂ ಮಾಲೀಕರ ಕಪಾಟು ಸೇರಿದರೆ ಮತ್ತೆ ಹೊರಬರುವುದಿಲ್ಲ. ಕೊಡುವ ಮುನ್ನ ಫೋಟೊ ತೆಗೆದು, ಪ್ರಿಂಟ್ ಹಾಕಿಸಿ ಪ್ಲೈವುಡ್ಡಿಗೆ ಅಂಟಿಸಿ. ಮೂರು ತಿಂಗಳಿಗೊಮ್ಮೆ ಉತ್ತರ ಹೊಸದಾಗಿ ಬರೆಯಿರಿ. ಕಾರಣ ಬದಲಾಗಿದ್ದರೆ ಗುರಿಯನ್ನೂ ಒಮ್ಮೆ ತಿರುಗಿ ನೋಡಬೇಕು.

ಬೋರ್ಡಿನ ಬದಲು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದುಕೊಳ್ಳಿ: ಬಿಡಿಸಿದ ಪ್ರಶ್ನೆ, ಸರಿ, ತಪ್ಪು, ತಪ್ಪಿಗೆ ಕಾರಣ. ಕಾರಣದ ಕಾಲಂನಲ್ಲಿ ‘ಗೊತ್ತಿರಲಿಲ್ಲ’, ‘ಪ್ರಶ್ನೆ ತಪ್ಪಾಗಿ ಓದಿದೆ’, ‘ಊಹಿಸಿದೆ’ ಇವುಗಳಲ್ಲಿ ಒಂದು. ‘ಊಹಿಸಿದೆ’ ಹೆಚ್ಚಿದ್ದರೆ ನೆಗೆಟಿವ್ ಅಂಕ ತಿನ್ನುತ್ತಿದೆ ಎಂದರ್ಥ. ಮೊದಲ ಕೆಲಸವನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿ: ಕುರ್ಚಿಗೆ ಕೂತ ಕೂಡಲೇ 25 ಮೆಂಟಲ್ ಎಬಿಲಿಟಿ ಲೆಕ್ಕ, ಫೋನು ಬ್ಯಾಗಿನೊಳಗೆ.

ಒಂದು ವಿಷಯಕ್ಕೆ ಮಾಲೀಕರನ್ನು ಮೆಚ್ಚಲೇಬೇಕು. ಭಾನುವಾರದ ಮಾಕ್ ಟೆಸ್ಟ್ ಮುಗಿದ ಮೇಲೆ ಎಂದಾದರೊಂದು ಸಲ, ಮೊದಲೇ ಹೇಳದೆ, ಎಲ್ಲರಿಗೂ ಖಾರ ಮಂಡಕ್ಕಿ ತರಿಸುತ್ತಾರೆ. 1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯುವ ಪುಟ್ಟ ಮಕ್ಕಳಲ್ಲಿ ಕಂಡದ್ದೂ ಇದನ್ನೇ: ಬಹುಮಾನದ ಆಸೆಗೆ ಬರೆದ ಮಕ್ಕಳಲ್ಲಿ ಉಮೇದು ಇಳಿಯಿತು, ಮೊದಲೇ ಹೇಳದೆ ಬಹುಮಾನ ಸಿಕ್ಕವರಲ್ಲಿ ಇಳಿಯಲಿಲ್ಲ.

ಹಗಲು ಅಂಗಡಿ ಕೆಲಸಕ್ಕೆ ಹೋಗುವವರಿಗೆ ಸಂಜೆ 6ರಿಂದ 11ರವರೆಗೆ 500 ರೂಪಾಯಿಯ ಪಾಸ್ ಇದೆ. 26 ದಿನದ ಲೆಕ್ಕ ಅದಕ್ಕಿಲ್ಲ, ನಮ್ಮ ಓಟು ಅದಕ್ಕೇ. ಬಿಡುವಾಗ 15 ದಿನ ಮೊದಲು ಬರೆದುಕೊಟ್ಟರಷ್ಟೇ ಅಡ್ವಾನ್ಸ್ ವಾಪಸ್, ರಸೀದಿ ಜೋಪಾನ.