ನೊಣ ಕಟ್ಟೋ ಕಿಟ್: ಮಕ್ಕಳ ಜೊತೆ ಮೂರು ತಿಂಗಳು ಬಳಸಿದ ಮೇಲೆ

ಚಿಕ್ಕಮಗಳೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ನಾನು. ಶನಿವಾರ ಶಾಲೆ ಬಿಟ್ಟ ಮೇಲೆ ಒಂಬತ್ತನೇ ಕ್ಲಾಸಿನ 10 ಮಕ್ಕಳಿಗೆ ಫ್ಲೈ ಟೈಯಿಂಗ್ ಕಲಿಸುತ್ತೇನೆ. ಗಾಳದ ಮೇಲೆ ನೂಲು, ಗರಿ ಸುತ್ತಿ, ಮೀನಿನ ಕಣ್ಣಿಗೆ ಹುಳದ ಹಾಗೆ ಕಾಣೋದನ್ನು ಮಾಡುವ ಕೆಲಸ. ಮಕ್ಕಳು ಇದಕ್ಕೆ ‘ನೊಣ ಕಟ್ಟೋದು’ ಅಂತಾರೆ. ಆ ಹೆಸರೇ ಉಳಿದಿದೆ.

ಇದಕ್ಕೆಂದು ಆನ್‌ಲೈನಿನಲ್ಲಿ 5 ಕಿಟ್ ತರಿಸಿದೆ, ಇಬ್ಬರಿಗೆ ಒಂದು. ಒಂದಕ್ಕೆ 2,000 ರೂಪಾಯಿ ಆಸುಪಾಸು. ಗಾಳ ಹಿಡಿಯುವ ವೈಸ್, ನೂಲಿನ ಉರುಳೆ ಹಿಡಿದು ಸಣ್ಣ ಕೊಳವೆಯಿಂದ ನೂಲು ಬಿಡುವ ಬಾಬಿನ್, ಕತ್ತರಿ, ಕೊನೇ ಗಂಟು ಹಾಕುವ ವಿಪ್ ಫಿನಿಷರ್, ಒಂದಷ್ಟು ಗಾಳ, ಗರಿ. ಕತ್ತರಿ ತುಂಬಾ ಚೆನ್ನಾಗಿದೆ. ವೈಸ್‌ನ ಹಿಡಿತ ಸಾಲದು. 8ನೇ ನಂಬರಿನ ಗಾಳ ಗಟ್ಟಿಯಾಗಿ ನಿಲ್ಲುತ್ತದೆ, 14 ಇಟ್ಟರೆ ಜಾರಿ ತಿರುಗುತ್ತದೆ. ಗಾಳದಲ್ಲಿ ನಂಬರ್ ಜಾಸ್ತಿ ಆದಷ್ಟೂ ಸೈಜು ಚಿಕ್ಕದು, ಆರ್ಡರ್ ಮಾಡುವಾಗ ಇದು ನೆನಪಿರಲಿ.

ನನಗೆ ಬೇಜಾರಾಗಿದ್ದು ಬಾಬಿನ್ ವಿಷಯಕ್ಕೆ. ಮೊದಲ ಎರಡು ವಾರ ಇಬ್ಬರು ಹುಡುಗರ ನೂಲು ಪಟಪಟ ಕಡಿಯುತ್ತಿತ್ತು. ಜೋರಾಗಿ ಎಳೀತಿದ್ದಾರೆ ಅಂತ ಬೈದೆ. ಆಮೇಲೆ ಯಾಕೋ ಅನುಮಾನ ಬಂದು, ಒಂದು ಚೂರು ಹತ್ತಿ ತೆಗೆದು ಬಾಬಿನ್ ಕೊಳವೆಯ ಬಾಯಿಗೆ ಸವರಿದೆ. ಎಳೆ ಅಲ್ಲೇ ಸಿಕ್ಕಿಕೊಂಡಿತು. ಅಂಚು ಒರಟಾಗಿತ್ತು. 5ರಲ್ಲಿ 2 ಹಾಗೇ ಇದ್ದವು. ಆ ಇಬ್ಬರನ್ನೂ ಕರೆದು ಹತ್ತಿ ತೋರಿಸಿ, ತಪ್ಪು ನಿಮ್ಮದಲ್ಲ ಕಣ್ರೋ ಅಂತ ಹೇಳಿದೆ. ನೀವು ತರಿಸಿದರೆ ಮೊದಲ ದಿನವೇ ಹೀಗೆ ನೋಡಿಬಿಡಿ.

ಕಿಟ್‌ನ ಗರಿಯ ಬಣ್ಣ ಬೆರಳಿಗೆ ಹತ್ತುತ್ತದೆ, ಸುತ್ತುವಾಗ ದಂಟು ಮುರಿಯುತ್ತದೆ. ಒಬ್ಬ ಹುಡುಗ ಮನೆಯ ನಾಟಿ ಹುಂಜದ ಕತ್ತಿನ ಗರಿ ತಂದ. ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆವು. ಎಷ್ಟು ಚೆನ್ನಾಗಿ ಸುತ್ತಿಕೊಂಡಿತು ಗೊತ್ತಾ! ಒಂದು ಕಾಲದಲ್ಲಿ ಹೊರದೇಶದವರು ನೊಣ ಕಟ್ಟಲು ಭಾರತದ ಹುಂಜದ ಗರಿಯನ್ನೇ ತರಿಸಿಕೊಳ್ಳುತ್ತಿದ್ದರು ಅಂದಾಗ ಅವನ ಮುಖ ನೋಡಬೇಕಿತ್ತು.

ಮೊದಲು ಕಲಿಸಿದ್ದು ವೂಲಿ ಬಗ್ಗರ್ ಅನ್ನೋ ನೊಣ. 1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ ಕಟ್ಟಿದ್ದು ಅಂತ ಹೇಳುತ್ತಾರೆ. ಬಾಲ ಗಾಳದ ಕಡ್ಡಿಯಷ್ಟೇ ಉದ್ದ, ಮೈಗೆ ದಪ್ಪ ನೂಲು, ಅದರ ಮೇಲೆ ಗರಿ. ಎಲ್ಲರೂ ಎಡವಿದ್ದು ಒಂದೇ ಕಡೆ: ಗಾಳದ ಕಣ್ಣಿನವರೆಗೂ, ಅಂದರೆ ದಾರ ಕಟ್ಟುವ ತೂತಿನವರೆಗೂ, ಸುತ್ತಿಬಿಡುತ್ತಾರೆ, ಕೊನೇ ಗಂಟಿಗೆ ಜಾಗವೇ ಇರುವುದಿಲ್ಲ. ಒಬ್ಬ ಹುಡುಗಿಗೆ ಮಾತ್ರ ಈ ತೊಂದರೆ ಆಗಲಿಲ್ಲ. ದಿನಾ ಅಮ್ಮನ ಜೊತೆ ಹೂ ಕಟ್ಟುವವಳು. “ಮಿಸ್, ಕೊನೇಲಿ ದಾರ ಬಿಡ್ಬೇಕು, ಮಲ್ಲಿಗೆ ಮಾಲೆ ಥರಾನೇ ಅಲ್ವಾ?” ಅಂದಳು. ವಿಪ್ ಫಿನಿಷರ್ ಮುಟ್ಟದೆ ಬೆರಳಲ್ಲೇ ಗಂಟು ಹಾಕಿದಳು. ಈಗ ಉಳಿದವರಿಗೆ ಗಂಟು ಕಲಿಸೋದು ಅವಳೇ.

ಗಾಳದ ಮೊನೆಯ ಹಿಂದಿರುವ ಚಿಕ್ಕ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಯೇ ಮಕ್ಕಳ ಕೈಗೆ ಕೊಡಿ. ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಗೆ ಬರುತ್ತದೆ, ಮೀನಿಗೂ ಗಾಯ ಕಡಿಮೆ.

ಬಾಬಿನ್ ಬಗ್ಗೆ ಅಂಗಡಿಯವರಿಗೆ ಬರೆದೆ, ಹದಿನೈದು ದಿನದಲ್ಲಿ ಹೊಸದು ಕಳಿಸಿದರು. ವೈಸ್ ಬಗ್ಗೆ ಉತ್ತರವಿಲ್ಲ. ಮುಂದಿನ ವರ್ಷ ಕಿಟ್ ತರಿಸುವುದಿಲ್ಲ. ಅದೇ ದುಡ್ಡಿಗೆ ಒಳ್ಳೆ ವೈಸ್ ಎರಡು, ಬಿಡಿ ಬಾಬಿನ್, 8ನೇ ನಂಬರಿನ ಗಾಳ ತರಿಸುತ್ತೇನೆ. ಗರಿ ತರ್ತೀನಿ ಅಂತ ಹುಂಜದ ಹುಡುಗ ಈಗಲೇ ಹೇಳಿದ್ದಾನೆ.