ಬಾವಿಯ ನೀರೋ, ಬೋರ್‌ನ ಬಂಡೆಯೋ?

ಮೈಸೂರಲ್ಲಿ ಲಾಡ್ಜ್ ಕಟ್ಟುತ್ತಿರುವ ಭಾವ ಕೇಳಿದರು: "ಎಸಿ ಹೊರಗೆ ಉಗುಳುವ ಬಿಸಿಯನ್ನು ನೆಲದಡಿ ಕೂಡಿಡಬಹುದಂತೆ, ಹೌದಾ?" ಹೌದು, ದಾರಿ ಎರಡು.

ಒಂದು, ಅಂತರ್ಜಲದಲ್ಲೇ ಕೂಡಿಡುವುದು. ಒಂದು ಬಾವಿಯಿಂದ ತಣ್ಣೀರು ಎತ್ತಿ, ಬಿಸಿಯಾದದ್ದನ್ನು ಇನ್ನೊಂದಕ್ಕೆ ಇಳಿಸುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥವು ಸಾವಿರಾರು. ಅಲ್ಲಿ ಅಡಿಯಲ್ಲಿ ಮರಳು. ನಮ್ಮಲ್ಲಿ ಗಟ್ಟಿ ಬಂಡೆ, ನೀರು ಸಿಗುವುದು ಬಿರುಕಲ್ಲಿ. ಬಿಟ್ಟುಬಿಡಿ.

ಇನ್ನೊಂದು, ಬೋರ್ ಕೊರೆದು ಯು ಆಕಾರದ ಪೈಪ್ ಇಳಿಸಿ, ಅದರೊಳಗೆ ಬಿಸಿನೀರು ಸುತ್ತಿಸಿ, ಬಂಡೆಗೇ ಬಿಸಿ ಉಣಿಸುವುದು. ಬೋರ್‌ನಲ್ಲಿ ನೀರು ಬರದಿದ್ದರೂ ನಡೆಯುತ್ತದೆ! ಕೆನಡಾದ ಓಕೋಟೋಕ್ಸ್‌ನಲ್ಲಿ 144 ಬೋರ್‌ಗಳು 52 ಮನೆಗಳಿಗೆ ಬೇಸಿಗೆಯ ಬಿಸಿಲನ್ನು ಚಳಿಗಾಲಕ್ಕೆ ಕೂಡಿಟ್ಟಿದ್ದವು. ಆದರೆ ಬರೀ ತುಂಬುತ್ತಲೇ ಹೋದರೆ ವರ್ಷ ಕಳೆದಂತೆ ಬಂಡೆಯೇ ಬಿಸಿಯೇರಿ, ಹೊಸ ಬಿಸಿಯನ್ನು ಅಷ್ಟಾಗಿ ಹೀರುವುದಿಲ್ಲ. ನಮ್ಮೂರಲ್ಲಿ ರೂಮು ಬೆಚ್ಚಗೆ ಮಾಡಿಕೊಳ್ಳುವವರು ಕಡಿಮೆ, ಅಲ್ವಾ? ಲಾಡ್ಜಿಗಾದರೆ ಬೆಳಗಿನ ಸ್ನಾನದ ನೀರಿದೆ. ಹೀಟ್ ಪಂಪ್, ಅಂದರೆ ಬಿಸಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯಂತ್ರ, ಬಂಡೆಯ ಬಿಸಿಯನ್ನು ವಾಪಸ್ ಎತ್ತಿ ಆ ನೀರಿಗೆ ಕೊಡುತ್ತದೆ. ಬರೀ ಆಫೀಸಾಗಿದ್ದರೆ ನಾನು ಬೇಡ ಅನ್ನುತ್ತಿದ್ದೆ.